ಶಾಲಾ ವನದಲ್ಲಿ ಪಾಠ: ಶಿಕ್ಷಕರ ತರಬೇತಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ರಾಜ್ಯದ ಎಷ್ಟೋ ಸರ್ಕಾರಿ ಶಾಲೆಗಳ ಹಿಂದೆ ಒಂದು ಸಣ್ಣ ತೋಪು ಇರುತ್ತದೆ. ಅರಣ್ಯ ಇಲಾಖೆಯ 'ಮಗುವಿಗೊಂದು ಮರ, ಶಾಲೆಗೊಂದು ವನ' ಯೋಜನೆಯಲ್ಲಿ ಬಂದ ಸಸಿಗಳು, ಹಿಂದೆ ಇದ್ದ ಮೇಷ್ಟ್ರು ನೆಡಿಸಿದ ಬೇವು, ತಾನಾಗಿ ಹುಟ್ಟಿದ ಹೊಂಗೆ. ಜೂನ್ 5ರ ಪರಿಸರ ದಿನಕ್ಕೆ ಅಲ್ಲಿ ಫೋಟೋ ತೆಗೆಯುತ್ತಾರೆ. ಉಳಿದ ದಿನ ಆ ಕಡೆ ಹೋದ ಮಗುವಿಗೆ "ಏಯ್, ಈ ಕಡೆ ಬಾ" ಅನ್ನುವ ಕೂಗು. ಆ ತೋಪನ್ನು ತರಗತಿಯಾಗಿ ಬಳಸಲು ಶಿಕ್ಷಕರು ಹೇಗೆ ತಯಾರಾಗಬೇಕು ಅನ್ನುವುದೇ ಇಲ್ಲಿನ ವಿಷಯ. ಪ್ರಶ್ನೆಗಳು ಶಿಕ್ಷಕರವು, ಸಿಆರ್‌ಪಿಗಳವು (ಹತ್ತಿರದ ಕೆಲವು ಶಾಲೆಗಳ ಗುಂಪಾದ ಕ್ಲಸ್ಟರ್‌ನ ಸಂಪನ್ಮೂಲ ವ್ಯಕ್ತಿಗಳು), ಹೆಡ್‌ಮಾಸ್ಟರುಗಳವು. ಉತ್ತರಗಳಲ್ಲಿ ನನ್ನ ಅಭಿಪ್ರಾಯವೂ ಸೇರಿದೆ.

ಶಾಲಾ ವನ ಅನ್ನಬೇಕಾದರೆ ಎಷ್ಟು ಜಾಗ ಬೇಕು?

ಇಷ್ಟೇ ಬೇಕು ಅಂತೇನಿಲ್ಲ. ಹತ್ತು ಮರ ಇದ್ದರೆ ಒಂದು ವರ್ಷದ ಪಾಠಕ್ಕೆ ಧಾರಾಳವಾಯಿತು. ಒಂದೇ ಹುಣಸೆ ಮರ ಇದ್ದರೂ ಶುರು ಮಾಡಬಹುದು. ಕಾಂಪೌಂಡ್ ಪಕ್ಕದ ಎಕ್ಕದ ಗಿಡ, ನಲ್ಲಿ ಹತ್ತಿರದ ಪಾಚಿ, ಗೋಡೆ ಬಿರುಕಿನಲ್ಲಿ ಹುಟ್ಟಿದ ಅರಳಿ, ಇವೂ ಲೆಕ್ಕಕ್ಕೆ ಬರುತ್ತವೆ.

ಮಕ್ಕಳನ್ನು ಮರದ ಕೆಳಗೆ ಕೂರಿಸಿ ಪಾಠ ಮಾಡಿದರೆ ಆಯ್ತಲ್ವಾ? ಇದಕ್ಕೂ ತರಬೇತಿ ಬೇಕಾ?

ಮರದ ನೆರಳಿನಲ್ಲಿ ಕೂತು ಪುಸ್ತಕ ಓದಿಸುವುದು ಒಳ್ಳೆಯದೇ. ಸೆಕೆಗಾಲದಲ್ಲಿ ತಗಡಿನ ಕೋಣೆಗಿಂತ ಎಷ್ಟೋ ವಾಸಿ. ಆದರೆ ಅಲ್ಲಿ ಮರ ಬರೀ ಛತ್ರಿ. ಮಕ್ಕಳು ಮರವನ್ನು ನೋಡುವುದಿಲ್ಲ, ಪುಸ್ತಕವನ್ನೂ ಸರಿಯಾಗಿ ನೋಡುವುದಿಲ್ಲ. ಮೇಲೆ ಅಳಿಲು ಓಡುತ್ತಿದ್ದರೆ ಪಾಪ ಅವರ ಗಮನ ಎಲ್ಲಿರುತ್ತೆ?

ವನವೇ ಪಾಠವಾಗಬೇಕಾದರೆ ಶಿಕ್ಷಕರ ಕೆಲವು ಅಭ್ಯಾಸಗಳು ಬದಲಾಗಬೇಕು. ಒಳಗೆ ಉತ್ತರ ನಮ್ಮ ಕೈಯಲ್ಲಿರುತ್ತದೆ, ಹೊರಗೆ ಇರುವುದಿಲ್ಲ. ಒಳಗೆ ನಲವತ್ತು ಮಕ್ಕಳೂ ಒಂದೇ ಬೋರ್ಡ್ ನೋಡುತ್ತಾರೆ, ಹೊರಗೆ ನಲವತ್ತು ಕಡೆ ನೋಡುತ್ತಾರೆ. ಆ ನಲವತ್ತು ನೋಟಗಳನ್ನು ಒಂದು ಪ್ರಶ್ನೆಗೆ ತಂದು ಕಟ್ಟುವುದು ಹೇಗೆ, ಯಾವಾಗ ಸುಮ್ಮನಿರಬೇಕು, ಯಾವಾಗ ವಾಪಸ್ ಕರೆಯಬೇಕು ಅನ್ನುವುದು ಮಾಡಿ ನೋಡಿಯೇ ಬರುವ ವಿದ್ಯೆ. ಕೈಪಿಡಿ ಓದಿದರೆ ಬರುವುದಿಲ್ಲ.

ಇದು ಹೊಸ ಯೋಚನೆ ಏನಲ್ಲ. ಶಾಂತಿನಿಕೇತನದಲ್ಲಿ 1901ರಿಂದಲೇ ಮರದ ಕೆಳಗೆ ಪಾಠ ನಡೆದಿದೆ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಜೊತೆ ನಡೆಸಿದ ಪ್ರಯೋಗಗಳು ನಮಗೆ ಗೊತ್ತೇ ಇವೆ. ಆಸೆ ಇರುವ ಒಬ್ಬಿಬ್ಬರು ಎಲ್ಲ ಕಾಲದಲ್ಲೂ ಮಾಡಿದ್ದಾರೆ. ತರಬೇತಿ ಬೇಕಿರುವುದು ಉಳಿದ ನಮ್ಮಂಥವರಿಗೆ.

ನನಗೆ ಮರಗಳ ಹೆಸರೇ ಗೊತ್ತಿಲ್ಲ. ಮಕ್ಕಳು ಕೇಳಿದರೆ ಏನು ಹೇಳಲಿ?

ಜಾಸ್ತಿ ಬರುವ ಪ್ರಶ್ನೆ ಇದೇ. ಪೇಟೆಯಲ್ಲಿ ಬೆಳೆದ ಶಿಕ್ಷಕರಿಗಂತೂ ಇದೇ ದೊಡ್ಡ ಹೆದರಿಕೆ. ನಿಜ ಹೇಳಬೇಕೆಂದರೆ ಹೆಸರು ಕೊನೆಗೆ ಬಂದರೂ ನಡೆಯುತ್ತದೆ. "ಸರ್, ಇದು ಯಾವ ಮರ?" ಅಂತ ಮಗು ಕೇಳುತ್ತದೆ. ನೀವು "ಮಹಾಗನಿ" ಅಂದುಬಿಟ್ಟರೆ ಅಲ್ಲಿಗೆ ಮಾತು ಮುಗಿಯಿತು. ಬದಲಿಗೆ "ಎಲೆ ಮುಟ್ಟಿ ನೋಡು, ಹಿಂದೆ ತಿರುಗಿಸಿ ನೋಡು, ಪಕ್ಕದ ಮರದ ಎಲೆಗೂ ಇದಕ್ಕೂ ಏನು ವ್ಯತ್ಯಾಸ?" ಅಂದರೆ ಹತ್ತು ನಿಮಿಷ ನೋಡುತ್ತದೆ. ಆಮೇಲೆ ಹೆಸರು ಹೇಳಿದರೆ ಅದು ಮರೆಯುವುದಿಲ್ಲ.

ಹೆಸರು ಬೇಕೇ ಬೇಕು ಅನಿಸಿದಾಗ ಶಾಲೆಯಲ್ಲೇ ತಿಳಿದವರಿದ್ದಾರೆ. ಬಿಸಿಯೂಟದ ಅಡುಗೆ ಅಕ್ಕಂದಿರನ್ನು ಕೇಳಿ. ಯಾವ ಸೊಪ್ಪು ತಿನ್ನಬಹುದು, ಯಾವ ಸೌದೆಯಿಂದ ಹೊಗೆ ಬರುತ್ತದೆ, ಯಾವ ಕಾಯಿ ತಿಂದರೆ ನಾಲಿಗೆ ಕೆರೆಯುತ್ತದೆ, ಎಲ್ಲಾ ಗೊತ್ತಿರುತ್ತದೆ. ಕುರಿ ಕಾಯುವ ಮನೆಯ ಹುಡುಗರೂ ಅಷ್ಟೇ. ಒಳಗೆ ಕೊನೆ ಬೆಂಚಲ್ಲಿ ಕೂರುವ ಹುಡುಗ ಹೊರಗೆ ಬಂದರೆ ಮೇಷ್ಟ್ರಾಗುತ್ತಾನೆ. ನನ್ನ ಪ್ರಕಾರ ಈ ಕೆಲಸದ ದೊಡ್ಡ ಲಾಭ ಅದೇ. ಫೋಟೋ ನೋಡಿ ಗಿಡದ ಹೆಸರು ಹೇಳುವ ಐನ್ಯಾಚುರಲಿಸ್ಟ್, ಗೂಗಲ್ ಲೆನ್ಸ್‌ನಂಥ ಫೋನ್ ಆ್ಯಪ್‌ಗಳೂ ಸಹಾಯಕ್ಕೆ ಬರುತ್ತವೆ. ಅವು ತಪ್ಪು ಹೇಳುವುದೂ ಉಂಟು, ಹಾಗಾಗಿ ಊರವರ ಹತ್ತಿರ ಒಮ್ಮೆ ಕೇಳಿಕೊಳ್ಳಿ.

ತರಬೇತಿ ಎಷ್ಟು ದಿನದ್ದು? ಎಲ್ಲಿ ನಡೆಯಬೇಕು?

ಇಲ್ಲಿ ಸ್ವಲ್ಪ ಬಿಚ್ಚಿ ಮಾತಾಡಬೇಕು. ನಮ್ಮ ತರಬೇತಿಗಳು ಸಾಮಾನ್ಯವಾಗಿ ಮೇಲಿನಿಂದ ಕೆಳಗೆ ಇಳಿಯುತ್ತವೆ. ರಾಜ್ಯ ಮಟ್ಟದಲ್ಲಿ ಕೆಲವರಿಗೆ, ಅವರಿಂದ ಜಿಲ್ಲೆಗೆ, ಅಲ್ಲಿಂದ ತಾಲ್ಲೂಕಿಗೆ, ಕೊನೆಗೆ ಶಿಕ್ಷಕರಿಗೆ. ಒಂದೊಂದು ಮೆಟ್ಟಿಲಿಗೂ ಮಜ್ಜಿಗೆಗೆ ನೀರು ಬೆರೆಸುತ್ತಾ ಹೋದ ಹಾಗೆ. ಶಿಕ್ಷಕರ ಕೈಗೆ ಬರುವ ಹೊತ್ತಿಗೆ ಉಳಿಯುವುದು ಒಂದು ಪಿಪಿಟಿ. ಹೊರಾಂಗಣ ಕಲಿಕೆಯ ಬಗ್ಗೆ ಫ್ಯಾನಿನ ಕೆಳಗೆ ಕೂತು ಸ್ಲೈಡ್ ನೋಡುವುದಕ್ಕಿಂತ ತಮಾಷೆ ಇನ್ನೇನಿದೆ?

ವನದ ತರಬೇತಿ ಶಿಕ್ಷಕರ ಸ್ವಂತ ಶಾಲೆಯ ವನದಲ್ಲೇ, ಇಲ್ಲವೇ ಅದೇ ಕ್ಲಸ್ಟರ್‌ನ ಇನ್ನೊಂದು ಶಾಲೆಯ ವನದಲ್ಲಿ ನಡೆಯಬೇಕು. ಬಂಡೀಪುರಕ್ಕೋ ದಾಂಡೇಲಿಗೋ ಕರೆದುಕೊಂಡು ಹೋಗಿ ಮೂರು ದಿನದ ಶಿಬಿರ ಮಾಡಿದರೆ ಖುಷಿಯಾಗುತ್ತದೆ, ಬೇಡ ಅನ್ನುವುದಿಲ್ಲ. ಆದರೆ ವಾಪಸ್ ಬಂದ ಶಿಕ್ಷಕರಿಗೆ ತಮ್ಮ ಶಾಲೆಯ ಎಂಟು ಬೇವಿನ ಮರಗಳು ಸಪ್ಪೆ ಅನಿಸುವ ಅಪಾಯ ಇದೆ. ಎಂಟು ಬೇವಿನ ಮರದಲ್ಲಿ ಏನೆಲ್ಲಾ ಇದೆ ಅಂತ ತೋರಿಸುವುದೇ ತರಬೇತಿಯ ಕೆಲಸ.

ಇನ್ನು ದಿನದ ಲೆಕ್ಕ. ಒಂದೇ ಸಲ ಮೂರು ದಿನ ಮಾಡುವ ಬದಲು ಅದೇ ಹೊತ್ತನ್ನು ವರ್ಷಕ್ಕೆ ಹಂಚಿ. ಜೂನ್‌ನಲ್ಲಿ ಮಳೆ ಶುರುವಾದಾಗ ಒಮ್ಮೆ, ದಸರಾ ರಜೆ ಮುಗಿದ ಮೇಲೆ ಒಮ್ಮೆ, ಎಲೆ ಉದುರುವ ಜನವರಿ–ಫೆಬ್ರವರಿಯಲ್ಲಿ ಒಮ್ಮೆ. ಪ್ರತಿ ಸಲವೂ ಅದೇ ಜಾಗಕ್ಕೆ. ಜೂನ್‌ನಲ್ಲಿ ಕಾಲಿಟ್ಟರೆ ಕೆಸರಾಗಿದ್ದ ಜಾಗ ಫೆಬ್ರವರಿಯಲ್ಲಿ ಬಿರುಕು ಬಿಟ್ಟಿರುತ್ತದೆ. ಅದನ್ನು ಕಣ್ಣಾರೆ ನೋಡಿದ ಶಿಕ್ಷಕರಿಗೆ ಋತುಗಳ ಪಾಠ ಮಾಡುವುದು ಹೇಗೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಒಂದು ಸುತ್ತು ಹೀಗಿದ್ದರೆ ಸಾಕು. ಮೊದಲು ಶಿಕ್ಷಕರೇ ಮಕ್ಕಳಾಗಿ ಒಂದು ಚಟುವಟಿಕೆ ಮಾಡುವುದು, ಮಣ್ಣಲ್ಲಿ ಕೂತು. ಆಮೇಲೆ ಇಬ್ಬಿಬ್ಬರು ಸೇರಿ ತಮ್ಮ ತರಗತಿಗೆ ಒಂದೇ ಒಂದು ಪಾಠ ಯೋಜಿಸುವುದು. ಮುಂದಿನ ವಾರಗಳಲ್ಲಿ ಒಬ್ಬರು ಪಾಠ ಮಾಡುವಾಗ ಇನ್ನೊಬ್ಬರು ದೂರ ನಿಂತು ಮಕ್ಕಳನ್ನು ಗಮನಿಸುವುದು. ಹೌದು, ಮಕ್ಕಳನ್ನು. ಪಾಠ ಮಾಡುವವರ ತಪ್ಪು ಹುಡುಕುವ ಇನ್‌ಸ್ಪೆಕ್ಷನ್ ಆಗಬಾರದು. ಕ್ಲಸ್ಟರ್‌ನ ಶಿಕ್ಷಕರು ಸೇರುವ ಮುಂದಿನ ಸಮಾಲೋಚನಾ ಸಭೆಯಲ್ಲಿ ಏನಾಯಿತು ಅಂತ ಮಾತಾಡುವುದು. ಈ ಕೊನೆಯ ಭಾಗ ತಪ್ಪಿದರೆ ಉಳಿದದ್ದೆಲ್ಲ ನೀರಲ್ಲಿ ಹೋಮ.

ಇದು ಶಿಕ್ಷಕರ ವೃತ್ತಿಪರ ಅಭಿವೃದ್ಧಿಯ ಗಂಟೆಗಳ ಲೆಕ್ಕಕ್ಕೆ ಬರುತ್ತದಾ?

ರಾಷ್ಟ್ರೀಯ ಶಿಕ್ಷಣ ನೀತಿ 2020 ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆ ಇಂಥ ಕಲಿಕೆ ಇರಬೇಕು ಅನ್ನುತ್ತದೆ. ರಾಜ್ಯ ಆಮೇಲೆ ತನ್ನದೇ ಶಿಕ್ಷಣ ನೀತಿಗೆ ಆಯೋಗ ಮಾಡಿದ್ದು ಬೇರೆ ಮಾತು. ಲೆಕ್ಕಕ್ಕೆ ಬರಬೇಕಾದರೆ ಕಾರ್ಯಕ್ರಮ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಅಥವಾ ಬಿಆರ್‌ಸಿ (ತಾಲ್ಲೂಕಿನ ಸಂಪನ್ಮೂಲ ಕೇಂದ್ರ) ಮೂಲಕ ನಡೆದು ಓಓಡಿ ಪತ್ರ (ಆ ದಿನ ಬೇರೆ ಕರ್ತವ್ಯದ ಮೇಲಿದ್ದರು ಅನ್ನುವ ದಾಖಲೆ) ಸಿಗುವಂತಿರಲಿ. ಇದನ್ನು ಮೊದಲೇ ಕೇಳಿಕೊಳ್ಳಿ.

ಇದು ಪರಿಸರ ಅಧ್ಯಯನ ಮತ್ತು ವಿಜ್ಞಾನದವರಿಗೆ ಮಾತ್ರವಾ?

ಅಲ್ಲ. ಗಣಿತದವರು ಬಂದರೆ ನನಗೆ ಇನ್ನೂ ಖುಷಿ.

ಒಂದು ಮೀಟರ್ ಕೋಲನ್ನು ಬಿಸಿಲಲ್ಲಿ ನೆಟ್ಟಗೆ ನಿಲ್ಲಿಸಿ. ಅದರ ನೆರಳು 60 ಸೆಂಟಿಮೀಟರ್ ಇದೆ ಅಂದುಕೊಳ್ಳಿ. ಅದೇ ಹೊತ್ತಿಗೆ ಮರದ ನೆರಳು 6 ಮೀಟರ್ ಇದ್ದರೆ ಮರದ ಎತ್ತರ 10 ಮೀಟರ್. ಏಳನೇ ತರಗತಿಗೆ ಇದು ಅನುಪಾತ, ಹತ್ತನೇ ತರಗತಿಗೆ ಸಮರೂಪ ತ್ರಿಭುಜ. ಮರದ ಸುತ್ತಳತೆ ತೆಗೆಯುವಾಗ ಅರಣ್ಯದವರು ನೆಲದಿಂದ 1.37 ಮೀಟರ್ ಎತ್ತರದಲ್ಲಿ ಅಳೆಯುತ್ತಾರೆ. ಆ ಎತ್ತರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ದಾರ ಸುತ್ತಿ. ಸುತ್ತಳತೆ 94 ಸೆಂಟಿಮೀಟರ್ ಬಂದರೆ 3.14ರಿಂದ ಭಾಗಿಸಿ, ವ್ಯಾಸ ಸುಮಾರು 30. ಪೈ ಅನ್ನುವುದು ಎಲ್ಲಿ ಕೆಲಸಕ್ಕೆ ಬರುತ್ತದೆ ಅಂತ ಮಕ್ಕಳು ಮತ್ತೆ ಕೇಳುವುದಿಲ್ಲ. ಪ್ರತಿ ವರ್ಷ ಅದೇ ಮರ ಅಳೆದರೆ ಗ್ರಾಫ್‌ಗೂ ಆಯ್ತು.

ಹೊಂಗೆ ಎಲೆ ನೋಡಿ. ಅದರ ಮೇಲೆ ಗುಳ್ಳೆಗಳು ಇದ್ದೇ ಇರುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳಿಂದ ಎಲೆ ಹಾಗೆ ಉಬ್ಬುತ್ತದೆ. ನೂರು ಎಲೆ ಆರಿಸಿ, ಎಷ್ಟರಲ್ಲಿ ಗುಳ್ಳೆ ಇದೆ ಅಂತ ಎಣಿಸಿದರೆ ಶೇಕಡಾವಾರು ಲೆಕ್ಕ ಬಂತು. ಕೆಳಗಿನ ಕೊಂಬೆಯಲ್ಲಿ ಜಾಸ್ತಿಯೋ ಮೇಲಿನದರಲ್ಲೋ, ನೆರಳಲ್ಲೋ ಬಿಸಿಲಲ್ಲೋ ಅಂತ ಮುಂದುವರಿಸಬಹುದು. ಉತ್ತರ ಶಿಕ್ಷಕರಿಗೂ ಗೊತ್ತಿರುವುದಿಲ್ಲ. ಇಂಥ ಪ್ರಶ್ನೆಗಳೇ ಬೇಕಿರುವುದು.

ಕನ್ನಡ ಪಾಠಕ್ಕೆ ಅತ್ತಿ ಮರ ಸಿಕ್ಕರೆ ಅದೃಷ್ಟ. ಅತ್ತಿ ಹಣ್ಣು ಬಿಡಿಸಿದರೆ ಒಳಗೆಲ್ಲ ಹುಳ ಅಂತ ಗಾದೆ ಇದೆ. ಬಿಡಿಸಿಯೇ ನೋಡಲಿ. ಆ 'ಹುಳ' ಒಂದು ಪುಟ್ಟ ಕಣಜ. ಅತ್ತಿಯ ಹೂಗಳು ಕಾಯಿಯಂತೆ ಕಾಣುವುದರ ಒಳಗೇ ಇರುತ್ತವೆ, ಕಣಜ ಒಳಗೆ ಹೋಗಿ ಪರಾಗ ಮುಟ್ಟಿಸುತ್ತದೆ. ಆಲ, ಅರಳಿಯಲ್ಲೂ ಇದೇ ಕಥೆ. ಮಕ್ಕಳು ಕಂಡದ್ದನ್ನು ಐದು ವಾಕ್ಯ ಬರೆಯಲಿ, ಅದರ ಮೇಲೆ ಒಗಟು ಕಟ್ಟಲಿ. 'ನನ್ನ ಮೆಚ್ಚಿನ ಮರ' ಅನ್ನುವ ಪ್ರಬಂಧವನ್ನು ಗೈಡ್ ನೋಡಿ ಬರೆಯುವುದಕ್ಕಿಂತ ಎಷ್ಟೋ ಮೇಲು.

ಸಮಾಜ ವಿಜ್ಞಾನಕ್ಕೆ ವನದ ನಕ್ಷೆ ಬರೆಸಿ, ಹೆಜ್ಜೆ ಲೆಕ್ಕದಲ್ಲಿ ಅಳತೆ ಹಾಕಿಸಿ. ಈ ಜಾಗ ಮೊದಲು ಯಾರದಾಗಿತ್ತು, ಏನು ಬೆಳೆಯುತ್ತಿದ್ದರು ಅಂತ ಊರ ಹಿರಿಯರನ್ನು ಕೇಳಿಸಿ. ಕೊಡಗಿನ ಶಾಲೆಯಾದರೆ ದೇವರಕಾಡಿನಿಂದ ಶುರು ಮಾಡಬಹುದು.

ಸಿಲಬಸ್ ಮುಗಿಸುವುದು ಯಾವಾಗ?

ವನದ ಪಾಠ ಸಿಲಬಸ್‌ಗೆ ಮೇಲಿಂದ ಸೇರಿಸುವ ಒಗ್ಗರಣೆ ಆಗಿಬಿಟ್ಟರೆ ಖಂಡಿತ ಮುಗಿಯುವುದಿಲ್ಲ. ಹಾಗಾಗಿ ತರಬೇತಿಯಲ್ಲಿ ಪಠ್ಯಪುಸ್ತಕ ಕೈಯಲ್ಲಿರಲೇಬೇಕು. ಜೂನ್‌ನಿಂದ ಮಾರ್ಚ್‌ವರೆಗಿನ ಪಾಠಗಳ ಪಟ್ಟಿ ಹಾಕಿ, ಒಳಗೆ ಮಾಡುವುದಕ್ಕಿಂತ ಹೊರಗೆ ಸಲೀಸಾಗುವ ಪಾಠಗಳಿಗೆ ಮಾತ್ರ ಟಿಕ್ ಹಾಕಿ. ಕೆಲವಕ್ಕೆ ಹೊರಗೆ ಹೋಗುವ ಅಗತ್ಯವೇ ಇಲ್ಲ. ವ್ಯಾಕರಣದ ಸಂಧಿಯನ್ನು ಎಲೆ ಜೋಡಿಸಿ ಕಲಿಸುವ ಕಸರತ್ತು ಬೇಡ. ಸಂಭ್ರಮ ಶನಿವಾರದಂಥ ಬ್ಯಾಗ್ ಇಲ್ಲದ ದಿನವನ್ನೂ ಬಳಸಿಕೊಳ್ಳಬಹುದು. ಆದರೆ ವನ ಬರೀ ಶನಿವಾರದ ಆಟವಾಗಿ ಉಳಿಯದಿರಲಿ.

ಹೊರಗೆ ಬಿಟ್ಟರೆ ಮಕ್ಕಳು ಕೈಗೆ ಸಿಗುವುದಿಲ್ಲ. ಒಬ್ಬಳೇ ಹೇಗೆ ನೋಡಿಕೊಳ್ಳಲಿ?

ಮೊದಮೊದಲು ಓಡುತ್ತಾರೆ. ಓಡಲಿ. ಹೊರಗೆ ಬರುವುದು ಅಪರೂಪವಾದಷ್ಟೂ ಓಟ ಜಾಸ್ತಿ. ವಾರಕ್ಕೊಮ್ಮೆ ಬಂದರೆ ತಾನಾಗಿ ಕಡಿಮೆಯಾಗುತ್ತದೆ.

ಕೆಲವು ಉಪಾಯ ಹೇಳುತ್ತೇನೆ. ಮೊದಲ ಸಲ ಹದಿನೈದು ನಿಮಿಷ ಮಾತ್ರ ಹೋಗಿ. ಸುಣ್ಣದ ಗೆರೆಯಿಂದಲೋ ಹಗ್ಗದಿಂದಲೋ ಗಡಿ ಗುರುತು ಮಾಡಿ. ಒಂದು ಸೀಟಿ ಅಥವಾ ಚಪ್ಪಾಳೆ ಕೇಳಿದರೆ ಎಲ್ಲರೂ ಗೊತ್ತಾದ ಮರದ ಹತ್ತಿರ ಬರಬೇಕು ಅಂತ ಆಟದಂತೆ ಅಭ್ಯಾಸ ಮಾಡಿಸಿ. ನಾಲ್ಕೈದು ಮಕ್ಕಳ ಗುಂಪು ಮಾಡಿ, ಪ್ರತಿ ಗುಂಪಿಗೂ ಒಂದೇ ಕೆಲಸ ಕೊಡಿ. "ಹೋಗಿ ನೋಡಿಕೊಂಡು ಬನ್ನಿ" ಅಂದರೆ ಯಾರೂ ನೋಡುವುದಿಲ್ಲ. "ಇರುವೆ ಯಾವ ಕಡೆ ಹೋಗುತ್ತಿದೆ, ಬಾಯಲ್ಲಿ ಏನಿದೆ ನೋಡಿ" ಅಂದರೆ ಅಲ್ಲಾಡದೆ ಕೂರುತ್ತಾರೆ.

ಏಕೋಪಾಧ್ಯಾಯ ಶಾಲೆಗಳಿಗೆ ಇದು ತೊಂದರೆ ಅನ್ನುವುದಕ್ಕಿಂತ ಅನುಕೂಲ ಅನ್ನಬೇಕು. ಒಂದೇ ಮರದ ಕೆಳಗೆ ಎರಡನೆಯವರು ಎಲೆ ಎಣಿಸಬಹುದು, ಐದನೆಯವರು ಅಳೆಯಬಹುದು. ಚಟುವಟಿಕೆಯಿಂದ ಕಲಿಸುವ ನಲಿಕಲಿ ಪದ್ಧತಿಯಲ್ಲಿ ಪಾಠ ಮಾಡಿದವರಿಗೆ ಈ ಗುಂಪು ಕೆಲಸ ಹೊಸದೇನಲ್ಲ.

ಹಾವು, ಜೇನು, ರಕ್ತ ಹೀರುವ ಉಣ್ಣೆ ಹುಳ? ಏನಾದರೂ ಆದರೆ ಹೊಣೆ ಯಾರು?

ಈ ಭಯ ಸರಿಯಾದದ್ದೇ. "ಏನೂ ಆಗಲ್ಲ ಬಿಡಿ" ಅನ್ನುವ ಸಂಪನ್ಮೂಲ ವ್ಯಕ್ತಿಯನ್ನು ನಂಬಬೇಡಿ. ತರಬೇತಿಯಲ್ಲಿ ಅರ್ಧ ದಿನ ಸುರಕ್ಷತೆಗೇ ಇರಲಿ. ಆರೋಗ್ಯ ಇಲಾಖೆಯವರೊಬ್ಬರು ಬಂದು ಮಾತಾಡಲಿ.

ಮಕ್ಕಳಿಗಿಂತ ಮೊದಲು ಶಿಕ್ಷಕರು ಹೋಗಿ ಜಾಗ ನೋಡಿ ಬರಬೇಕು. ಕಲ್ಲು ರಾಶಿ, ಒಣ ಸೌದೆ, ಎತ್ತರದ ಹುಲ್ಲು ಇದ್ದ ಕಡೆ ಕೈ ಹಾಕಬಾರದು. ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ, ಈ ನಾಲ್ಕನ್ನು ಚಿತ್ರದಲ್ಲಾದರೂ ಗುರುತಿಸಲು ಬರಬೇಕು. ಹಾವು ಕಂಡರೆ ಹಿಂದೆ ಸರಿಯುವುದು, ಅಷ್ಟೇ. ಕಚ್ಚಿದರೆ ಬಿಗಿಯಾಗಿ ಕಟ್ಟಬಾರದು, ಕೊಯ್ಯಬಾರದು, ಬಾಯಿ ಹಾಕಿ ಹೀರಬಾರದು, ನಾಟಿ ಔಷಧಿಗೆ ಹೊತ್ತು ಕಳೆಯಬಾರದು. ಮಗುವನ್ನು ಓಡಾಡಿಸದೆ, ಕಚ್ಚಿದ ಕೈಕಾಲು ಅಲ್ಲಾಡದಂತೆ ಇಟ್ಟು, ಪ್ರತಿವಿಷ ಇರುವ ಆಸ್ಪತ್ರೆಗೆ ಸೇರಿಸಬೇಕು. ಪ್ರತಿವಿಷ ಯಾವ ಆಸ್ಪತ್ರೆಯಲ್ಲಿದೆ ಅಂತ ವರ್ಷದ ಮೊದಲೇ ವಿಚಾರಿಸಿ ಸ್ಟಾಫ್ ರೂಮಿನ ಗೋಡೆಗೆ ಬರೆದು ಹಾಕಿ, 108ರ ಪಕ್ಕದಲ್ಲೇ. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕಾದ ಪಟ್ಟಿಗೆ ಸೇರಿಸಿತು. ನಾವೂ ಅಷ್ಟೇ ಗಂಭೀರವಾಗಿ ತೆಗೆದುಕೊಳ್ಳಬೇಕು.

ಮಲೆನಾಡಿನ ಶಾಲೆಗಳಿಗೆ ಇನ್ನೊಂದು ಮಾತು. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣ್ಣೆಗಳಿಂದ ಹರಡುವ ಇದು ಚಳಿಗಾಲದಿಂದ ಬೇಸಿಗೆವರೆಗೆ ಜಾಸ್ತಿ. ಆ ಭಾಗದಲ್ಲಿ ಈ ತಿಂಗಳುಗಳಲ್ಲಿ ಕಾಡಂಚಿನ ಪಾಠಕ್ಕೆ ಹೋಗುವ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಕೇಳಲೇಬೇಕು. ಬೇಡ ಅಂದರೆ ಬೇಡ, ಶಾಲೆ ಅಂಗಳದಲ್ಲೇ ಪಾಠ ಆಗಲಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ.

ಹೆಜ್ಜೇನು ಕಟ್ಟಿದ ಮರದ ಕೆಳಗೆ ಪಾಠ ಬೇಡ. ಯಾವ ಮಗುವಿಗೆ ಅಲರ್ಜಿ, ಉಬ್ಬಸ, ಫಿಟ್ಸ್ ಇದೆ ಅಂತ ಪೋಷಕರಿಂದ ಬರೆಸಿಕೊಳ್ಳಿ. ಗುರುತು ಸಿಗದ ಕಾಯಿ, ಎಲೆ ಯಾವುದನ್ನೂ ಬಾಯಿಗೆ ಹಾಕಬಾರದು.

ಹೊಣೆಯ ವಿಷಯಕ್ಕೆ ಬಂದರೆ, ಒಬ್ಬ ಶಿಕ್ಷಕರ ತಲೆ ಮೇಲೆ ಅದು ಬೀಳದಂತೆ ನೋಡಿಕೊಳ್ಳುವುದು ಹೆಡ್‌ಮಾಸ್ಟರ್ ಕೆಲಸ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ವಿಷಯ ಇಟ್ಟು, ನಡಾವಳಿಯಲ್ಲಿ ಬರೆಸಿ, ವೇಳಾಪಟ್ಟಿಯಲ್ಲೂ ವನದ ಪೀರಿಯಡ್ ತೋರಿಸಬೇಕು. ಬಾಯಿ ಮಾತಿನ ಒಪ್ಪಿಗೆ ಕಷ್ಟದ ದಿನ ಉಪಯೋಗಕ್ಕೆ ಬರುವುದಿಲ್ಲ.

ನಮ್ಮ ವನದಲ್ಲಿರುವುದು ಬರೀ ನೀಲಗಿರಿ, ಅಕೇಶಿಯಾ. ಅದರಲ್ಲಿ ಏನು ಕಲಿಸೋದು?

ಬೇಕಾದಷ್ಟು. ನೀಲಗಿರಿ ಕೆಳಗೆ ಒಂದು ಚದರ ಮೀಟರ್ ಜಾಗ, ಬೇವು ಅಥವಾ ಹೊಂಗೆ ಕೆಳಗೆ ಒಂದು ಚದರ ಮೀಟರ್ ಜಾಗ, ಹಗ್ಗದಲ್ಲಿ ಗುರುತು ಮಾಡಿ. ಯಾವುದರಲ್ಲಿ ಎಷ್ಟು ಬಗೆಯ ಗಿಡ, ಹುಳ ಇವೆ ಎಣಿಸಿ. ಈ ಮರಗಳನ್ನು ಯಾಕೆ ನೆಟ್ಟರು, 2017ರಲ್ಲಿ ರಾಜ್ಯ ಸರ್ಕಾರ ನೀಲಗಿರಿ ನೆಡುವುದಕ್ಕೆ ಯಾಕೆ ತಡೆ ಹಾಕಿತು ಅಂತ ಮೇಲಿನ ತರಗತಿಯವರು ಚರ್ಚೆ ಮಾಡಲಿ. ಪಕ್ಕದಲ್ಲೇ ನೇರಳೆ, ಸೀತಾಫಲ, ಕರಿಬೇವು ಹಾಕುತ್ತಾ ಬನ್ನಿ. ಕರಿಬೇವು, ನಿಂಬೆ ಎಲೆಗೆ ಚಿಟ್ಟೆ ಮೊಟ್ಟೆ ಇಡುತ್ತದೆ. ಮೊಟ್ಟೆಯಿಂದ ಚಿಟ್ಟೆವರೆಗಿನ ಪಾಠ ಗಿಡದಲ್ಲೇ ನಡೆಯುತ್ತದೆ.

ಸಿಟ್ಟು ಬಂತು ಅಂತ ಹಳೇ ಮರ ಕಡಿಸಲು ಹೋಗಬೇಡಿ. ಶಾಲೆ ಆವರಣದ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಮೊದಲು ಅರಣ್ಯ ಇಲಾಖೆಯನ್ನು ಕೇಳಿ.

ಸಾಮಾನು, ಖರ್ಚು?

ದಾರ, ಟೇಪು, ಸೀಮೆಸುಣ್ಣ, ಹಳೇ ಪೇಪರ್, ರಟ್ಟು, ಒಂದೆರಡು ಭೂತಗನ್ನಡಿ, ಒಂದು ಥರ್ಮಾಮೀಟರ್, ಖಾಲಿ ಗಾಜಿನ ಬಾಟಲಿ. ಬಾಟಲಿಯಲ್ಲಿ ಮಣ್ಣು, ನೀರು ಹಾಕಿ ಕುಲುಕಿ ಇಟ್ಟರೆ ಮರಳು ಮೊದಲು ಕೆಳಗೆ ಕೂರುತ್ತದೆ, ಜೇಡಿ ಕೊನೆಗೆ. ದುಬಾರಿ ಕಿಟ್ ಮಾರಲು ಬಂದರೆ ನಮಸ್ಕಾರ ಹೇಳಿ ಕಳಿಸಿ.

ಪೋಷಕರು "ಓದಿಸೋದು ಬಿಟ್ಟು ತೋಟ ಸುತ್ತಿಸ್ತಾರೆ" ಅಂತಾರೆ.

ಅವರನ್ನೂ ಒಂದು ದಿನ ಕರೆಯಿರಿ. ಮಕ್ಕಳೇ ಮರದ ಎತ್ತರ ಲೆಕ್ಕ ಹಾಕಿ ತೋರಿಸಲಿ. ಇನ್ನೊಂದು ಎಚ್ಚರಿಕೆ: ವನದ ಪಾಠದ ಹೆಸರಲ್ಲಿ ಮಕ್ಕಳಿಂದ ಗುಂಡಿ ತೋಡಿಸುವುದು, ಕಸ ಹೊರಿಸುವುದು ನಡೆದರೆ ಪೋಷಕರ ಸಿಟ್ಟು ನ್ಯಾಯವೇ. ಗಿಡಕ್ಕೆ ನೀರು ಹಾಕುವುದು ಬೇರೆ, ಕೂಲಿ ಕೆಲಸ ಬೇರೆ.

ಅಂಗವಿಕಲ ಮಕ್ಕಳನ್ನು ಹೇಗೆ ಸೇರಿಸಿಕೊಳ್ಳುವುದು?

ತರಬೇತಿಯಲ್ಲೇ ಶಿಕ್ಷಕರು ಒಮ್ಮೆ ಕಣ್ಣು ಕಟ್ಟಿಕೊಂಡು ತೊಗಟೆ ಮುಟ್ಟಿ ಮರ ಗುರುತಿಸಿ ನೋಡಲಿ. ದೃಷ್ಟಿ ಇಲ್ಲದ ಮಗುವಿಗೆ ಬೇವಿನ ಎಲೆಯ ವಾಸನೆ, ಅರಳಿ ಎಲೆಯ ಸದ್ದು ಒಳ್ಳೆಯ ದಾರಿ. ಗಾಲಿ ಕುರ್ಚಿ ಹೋಗುವಂತೆ ಒಂದು ಮರದವರೆಗಾದರೂ ಮಟ್ಟಸ ದಾರಿ ಮಾಡಿಸಿ, ಎಲ್ಲರ ಪಾಠವೂ ಆ ಮರದ ಹತ್ತಿರ ನಡೆಯಲಿ. ಆ ಮಗುವನ್ನು ವರಾಂಡದಲ್ಲಿ ಬಿಟ್ಟು ಹೋಗುವುದಂತೂ ಕೂಡದು.

ಅಂಕ ಹೇಗೆ ಕೊಡುವುದು?

ಮಕ್ಕಳ ನೋಟ್‌ಬುಕ್ ಸಾಕು. ವಾರಕ್ಕೊಮ್ಮೆ ಒಂದೇ ಮರ ನೋಡಿ ಎಲೆ, ಹೂ, ಕಾಯಿ ಇಲ್ಲವೋ, ಸ್ವಲ್ಪವೋ, ಜಾಸ್ತಿಯೋ ಅಂತ ಬರೆಯುವುದು. ಸೀಸನ್‌ವಾಚ್ ಅನ್ನುವ ದೇಶವ್ಯಾಪಿ ಕಾರ್ಯಕ್ರಮದಲ್ಲಿ ಶಾಲೆಗಳು ಇದನ್ನೇ ಮಾಡುತ್ತವೆ. ರೂಪಣಾತ್ಮಕ ಮೌಲ್ಯಮಾಪನದ (ಕಲಿಯುತ್ತಿರುವಾಗಲೇ ಮಾಡುವ ಮೌಲ್ಯಮಾಪನ) ಚಟುವಟಿಕೆಗೆ ಇದೇ ದಾಖಲೆ. ಚಂದದ ಚಾರ್ಟಿಗೆ ಅಂಕ ಬೇಡ, ಅದನ್ನು ಅಣ್ಣ ಅಕ್ಕ ಬರೆದಿರುತ್ತಾರೆ.

ಬೇರೆ ದೇಶಗಳಲ್ಲಿ ಇದನ್ನು ವ್ಯವಸ್ಥಿತವಾಗಿ ಮಾಡುತ್ತಾರಾ?

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಉದಾಹರಣೆ ತಿಳಿದಿರಲಿ. ಶಾಲೆಗಳು ಕಾಡು ಇಟ್ಟುಕೊಳ್ಳಲು ಅಲ್ಲಿ 1927ರಲ್ಲಿ ಕಾನೂನು ಬಂತು. ಮರುವರ್ಷವೇ ಲಾವೋನಾ, ಕ್ರಾಂಡನ್, ವಾಬಿನೊ ಊರುಗಳಲ್ಲಿ ಮೊದಲ ಶಾಲಾ ಕಾಡುಗಳಾದವು. ಮರ ಕಡಿದು ಬೋಳಾಗಿದ್ದ ನೆಲದಲ್ಲಿ ಮಕ್ಕಳೇ ಸಸಿ ನೆಟ್ಟರು. ಈಗ ಸ್ಟೀವನ್ಸ್ ಪಾಯಿಂಟ್‌ನ ವಿಶ್ವವಿದ್ಯಾಲಯದಲ್ಲಿರುವ ಲೀಫ್ ಎಂಬ ಕಾರ್ಯಕ್ರಮ ಶಿಕ್ಷಕರಿಗೆ ತರಬೇತಿ, ಪಾಠಗಳನ್ನು ಕೊಡುತ್ತದೆ. ಅವರ ಪಾಠಗಳನ್ನು ಹಾಗೇ ಇಳಿಸಿಕೊಂಡರೆ ನಮಗೆ ಆಗುವುದಿಲ್ಲ, ಅಲ್ಲಿನ ಮೇಪಲ್ ಇಲ್ಲಿಲ್ಲ, ಇಲ್ಲಿನ ಹುಣಸೆ ಅಲ್ಲಿಲ್ಲ. ನೋಡಿ ಕಲಿಯಬೇಕಾದ್ದು ಒಂದು ಖಾಯಂ ವ್ಯವಸ್ಥೆ ಇರುವುದನ್ನು. ನಮ್ಮಲ್ಲಿ ಆಸಕ್ತಿ ಇದ್ದ ಮೇಷ್ಟ್ರಿಗೆ ವರ್ಗಾವಣೆ ಆದರೆ ವನಕ್ಕೂ ಬೀಗ ಬೀಳುತ್ತದೆ.

ನಮ್ಮ ಕ್ಲಸ್ಟರ್‌ನಲ್ಲಿ ಶುರು ಮಾಡಬೇಕು. ಮೊದಲು ಏನು ಮಾಡಲಿ?

ಸಿಆರ್‌ಪಿ ಜೊತೆ ಮಾತಾಡಿ, ಮುಂದಿನ ಸಮಾಲೋಚನಾ ಸಭೆಯನ್ನು ವನ ಇರುವ ಶಾಲೆಯಲ್ಲಿ ಇಡಿಸಿ. ಸಭೆಯ ಮೊದಲ ಒಂದು ಗಂಟೆ ಹೊರಗೆ. ಭಾಷಣ, ಸ್ವಾಗತ ಗೀತೆ ಬೇಡ. ಎಲ್ಲರಿಗೂ ದಾರ, ಕೋಲು ಕೊಟ್ಟು ಒಂದು ಮರ ಅಳೆಯಲು ಹೇಳಿ. ಸಂಪನ್ಮೂಲ ವ್ಯಕ್ತಿ ಬೇಕೆನಿಸಿದರೆ ವಲಯ ಅರಣ್ಯ ಕಚೇರಿಗೆ ಒಂದು ಪತ್ರ ಕೊಡಿ. ಶಾಲಾ ಮಕ್ಕಳಿಗೆ ಕಾಡು ತೋರಿಸುವ ಚಿಣ್ಣರ ವನ ದರ್ಶನ ಕಾರ್ಯಕ್ರಮ ನಡೆಸಿದ ಸಿಬ್ಬಂದಿಗೆ ಮಕ್ಕಳ ಜೊತೆ ಮಾತಾಡಿ ಅಭ್ಯಾಸ ಇರುತ್ತದೆ. ಪತ್ರಕ್ಕೆ ಹೆಡ್‌ಮಾಸ್ಟರ್ ಸಹಿ ಹಾಕಿಸಿ, ಒಂದು ಪ್ರತಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ ಕಳಿಸಿ.